ರಾಣಿ ಅನ್ನೋ ಗಂಡು ಮೊಲ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಪ್ರಕರಣ ಇಷ್ಟು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ, ನನ್ನ ಅಕ್ಕನದು. ಅಲ್ಲಿರುವುದು ಅಕ್ಕ, ಭಾವ, ಅಕ್ಕನ ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು. ಜೊತೆಗೆ ಎಂಟು ತಿಂಗಳ ಒಂದು ಬಿಳಿ ಮೊಲ, ಹೆಸರು ರಾಣಿ. ಮರಿಯಾಗಿದ್ದಾಗ ಶಿವಮೊಗ್ಗದ ಅಂಗಡಿಯಿಂದ ತಂದದ್ದು. ಮೊದಮೊದಲು ಎಲ್ಲರ ಮುದ್ದು. ದೀಪಾವಳಿ ಹೊತ್ತಿಗೆ ಎಲ್ಲರ ತಲೆನೋವು. ಹುಡುಗಿಯ ಹಾಸಿಗೆ ಮೇಲೆ ಉಚ್ಚೆ, ಜಗಲಿಯಲ್ಲಿಟ್ಟ ಅಡಿಕೆ ಚೀಲದ ಮೇಲೆ ಉಚ್ಚೆ, ಓಡಾಡುವವರ ಕಾಲಿಗೆ ಬಾಯಿ ಹಾಕುವುದು, ರಾತ್ರಿಯಿಡೀ ಗೂಡಿನ ಸರಳು ಕಚ್ಚಿ ಅಲ್ಲಾಡಿಸುವುದು, ಇನ್ವರ್ಟರ್ ವೈರು ಕಡಿಯುವುದು. ಕೊಯ್ಲು ಶುರುವಾಗಿ ಮನೆ ತುಂಬ ಅಡಿಕೆ ಸುಲಿಯುವವರು ಇದ್ದ ಕಾಲ ಬೇರೆ.

"ಇದಕ್ಕೆ ಎಂತ ಹೇಳಿಕೊಟ್ಟರೂ ತಲೆಗೆ ಹೋಗದಿಲ್ಲ ಮಾರಾಯ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಭಾವ ಇನ್ನೂ ಮುಂದೆ ಹೋಗಿದ್ದರು. ತೋಟದ ಆಚೆ ಕಾಡಂಚಿಗೆ ಬಿಟ್ಟುಬಂದರೆ ಅದಕ್ಕೂ ನಿರಾಳ, ನಮಗೂ ನಿರಾಳ ಅನ್ನುವುದು ಅವರ ಲೆಕ್ಕ.

ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಮೊಲ ಸಾಕಿಕೊಂಡವನು, ಅಷ್ಟೇ. ಹಾಗಾಗಿ ಇಲ್ಲಿ ಬರೆದಿರುವುದು ಒಂದೇ ಮನೆಯ, ಒಂದೇ ಮೊಲದ ವಿಷಯ. ಆದರೆ ಇದೇ ಗೋಳು ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಕಾಡಿಗೆ ಬಿಡುವ ಮಾತು ಮುಗಿಸಿಬಿಡೋಣ. ನಮ್ಮ ಕಾಡು, ಬೆಣಗಳಲ್ಲಿ (ಹುಲ್ಲು ಬೆಳೆಯುವ ಬಯಲು) ಓಡುವ ಮೊಲವೇ ಬೇರೆ, ಅಂಗಡಿಯಲ್ಲಿ ಸಿಗುವ ಮೊಲವೇ ಬೇರೆ. ಸಾಕು ಮೊಲದ ಮೂಲ ಯುರೋಪಿನದು. ಅದು ಬಿಲ ತೋಡುವ ಜಾತಿ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಕ್ರೋಮೋಸೋಮ್ ಲೆಕ್ಕವೂ ಬೇರೆ, ಸಾಕಿದ್ದಕ್ಕೆ 44, ಕಾಡಿನದಕ್ಕೆ 48. ಅವು ಜೊತೆಯಾಗಿ ಬದುಕುವ ಮಾತೇ ಇಲ್ಲ. ಬೆಳ್ಳಗಿರುವ, ಮನುಷ್ಯರ ಕೈಯಲ್ಲಿ ಬೆಳೆದ ಮೊಲವನ್ನು ಕಾಡಂಚಿಗೆ ಬಿಟ್ಟರೆ ಮುಂಗುಸಿಯೋ ಕಾಡುಬೆಕ್ಕೋ ಊರ ನಾಯಿಯೋ ಬೆಳಗಾಗುವ ಮೊದಲೇ ಮುಗಿಸಿರುತ್ತವೆ. ಸಾಕಿದ ಪ್ರಾಣಿಯನ್ನು ಹಾಗೆ ಹಸಿವು ನೀರಡಿಕೆಗೆ ಬಿಟ್ಟುಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ತಪ್ಪು ಕೂಡ. ಇದನ್ನೆಲ್ಲ ಹೇಳಿದ ಮೇಲೆ ಭಾವ, "ಹಂಗಾರೆ ಮಳೆಗಾಲದ ಒಳಗೆ ಒಂದು ದಾರಿ ಮಾಡು" ಎಂದರು. ಅಷ್ಟು ಸಾಕಿತ್ತು.

ಹೋಗಿ ನೋಡಿದಾಗ ಕಂಡದ್ದು

ಹೋದ ಮೊದಲ ದಿನ ಮೊಲವನ್ನು ಮುಟ್ಟಲೇ ಇಲ್ಲ. ಸುಮ್ನೆ ಜಗಲಿಯಲ್ಲಿ ಕೂತು ನೋಡಿದೆ. ಯಾರು ಯಾವಾಗ ಗೂಡು ತೆಗೆಯುತ್ತಾರೆ, ಯಾವಾಗ ಏನು ಕೊಡುತ್ತಾರೆ, ಅದು ಎಲ್ಲಿ ಕೂರುತ್ತದೆ, ಇಷ್ಟೇ.

ಗೂಡು ಹಕ್ಕಿ ಸಾಕುವಂಥದ್ದು. ತಳಕ್ಕೂ ಕಬ್ಬಿಣದ ಜಾಲರಿ, ಕೆಳಗೆ ತಗಡಿನ ತಟ್ಟೆ. ಶುಚಿ ಮಾಡಲು ಸುಲಭ ಎಂದು ಅಂಗಡಿಯವರೇ ಕೊಟ್ಟದ್ದು. ತೊಂದರೆಯ ಅರ್ಧ ಇಲ್ಲೇ ಇತ್ತು. ಮೊಲಕ್ಕೆ ಒಂದು ಒಳ್ಳೆ ಬುದ್ಧಿ ಹುಟ್ಟಿನಿಂದಲೇ ಇರುತ್ತದೆ, ಒಂದೋ ಎರಡೋ ಮೂಲೆ ಆರಿಸಿಕೊಂಡು ಅಲ್ಲೇ ಉಚ್ಚೆ ಮಾಡುವುದು. ಜಾಲರಿ ತಳದಲ್ಲಿ ಎಲ್ಲಿ ನಿಂತು ಮಾಡಿದರೂ ಕೆಳಗೆ ಬಿದ್ದುಹೋಗುತ್ತದೆ. ಮೂಲೆ ಅನ್ನುವುದೇ ಅದಕ್ಕೆ ಬೇಕಾಗಲಿಲ್ಲ. ಮೇಲಾಗಿ ನಾಯಿ ಬೆಕ್ಕಿನ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ, ಬರೀ ಕೂದಲು. ಜಾಲರಿ ಮೇಲೆ ದಿನಗಟ್ಟಲೆ ನಿಂತರೆ ಹಿಮ್ಮಡಿ ಹುಣ್ಣಾಗುತ್ತದೆ. ರಾಣಿಯ ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ ಕೆಂಪಾಗಿತ್ತು.

ಇನ್ನು ಹಾಸಿಗೆ. ಆ ಮನೆಯ ನೆಲ ಹಳೇ ಕಾಲದ ರೆಡ್ ಆಕ್ಸೈಡ್. ಅತ್ತೆ ದಿನಾ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ. ನೋಡಲು ಚೆಂದ, ಮೊಲಕ್ಕೆ ಮಾತ್ರ ಅದು ನಡೆಯುವ ಜಾಗವೇ ಅಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಎರಡು ಸಲ ಜಾರುತ್ತಿತ್ತು. ಹಾಗಾಗಿ ಜಾರದ ಜಾಗ ಹುಡುಕಿಕೊಂಡು ಹೋಗುತ್ತಿತ್ತು. ಅಂಥವು ಇದ್ದದ್ದು ಎರಡೇ: ಹುಡುಗಿಯ ನೆಲದ ಹಾಸಿಗೆ, ಜಗಲಿಯ ಗೋಣಿಚೀಲ. ಎರಡೂ ಮೆತ್ತಗೆ, ಎರಡೂ ಉಚ್ಚೆ ಹೀರುತ್ತವೆ. ಒಮ್ಮೆ ವಾಸನೆ ಕೂತ ಮೇಲೆ ಅದೇ ಪಾಯಖಾನೆ ಎಂದು ಮೊಲ ತೀರ್ಮಾನ ಮಾಡಿಯಾಗಿತ್ತು. ಅಕ್ಕ ಫಿನೈಲ್ ಹಾಕಿ ಒರೆಸುತ್ತಿದ್ದಳು. ಫಿನೈಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ಮೊಲದ ಮೂಗಿಗೆ ಮುಚ್ಚುವುದಿಲ್ಲ.

ಸಮಯದ ವಿಷಯ ಇನ್ನೂ ತಮಾಷೆ. ಮೊಲ ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಮಧ್ಯಾಹ್ನ ಅದರ ನಿದ್ದೆ ಹೊತ್ತು. ಈ ಮನೆಯಲ್ಲಿ ಊಟವಾದ ಮೇಲೆ ಪುರುಸೊತ್ತು ಎಂದು ಮಧ್ಯಾಹ್ನ ಹೊರಗೆ ಬಿಡುತ್ತಿದ್ದರು, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಹಿಡಿದು ಗೂಡಿಗೆ ತುರುಕುತ್ತಿದ್ದರು. ಅಂದರೆ ಮಲಗುವಾಗ ಎಬ್ಬಿಸುವುದು, ಓಡುವಾಗ ಕೂಡಿಹಾಕುವುದು. ರಾತ್ರಿ ಸರಳು ಅಲ್ಲಾಡಿಸದೆ ಇನ್ನೇನು ಮಾಡೀತು ಹೇಳಿ.

ಅಲ್ಲಾಡಿಸಿದಾಗ ಏನಾಗುತ್ತಿತ್ತು ಅನ್ನುವುದು ಮುಖ್ಯ. ಹುಡುಗಿ ಎದ್ದು ಬಂದು ಒಂದು ತುಂಡು ಕ್ಯಾರೆಟ್ ಹಾಕುತ್ತಿದ್ದಳು. ಮೊಲ ಸುಮ್ಮನಾಗುತ್ತಿತ್ತು. ಕಾಲು ಕಚ್ಚಿದಾಗಲೂ ಹಾಗೇ, ಅತ್ತೆ ಹೆದರಿ ಬಿಸ್ಕತ್ತಿನ ಚೂರು ದೂರ ಎಸೆಯುತ್ತಿದ್ದರು, ಅದು ಅತ್ತ ಓಡುತ್ತಿತ್ತು. ತಲೆಗೆ ಹೋಗುವುದಿಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಸರಳು ಕಚ್ಚಿದರೆ ಕ್ಯಾರೆಟ್, ಕಾಲು ಕಚ್ಚಿದರೆ ಬಿಸ್ಕತ್ತು. ಎರಡೂ ಪಾಠ ಆ ಮೊಲಕ್ಕೆ ಚೆನ್ನಾಗಿ ಬಾಯಿಪಾಠವಾಗಿತ್ತು. ಕಲಿಸಿದವರು ಮನೆಯವರೇ. ಬದಲಾಯಿಸಬೇಕಾದ್ದು ಮನೆಯ ಕಡೆಯಿಂದ ಅನ್ನುವುದು ಅಲ್ಲಿಗೆ ನನಗೆ ಖಚಿತವಾಯಿತು.

ಕೊನೆಗೆ ಮಡಿಲಲ್ಲಿ ಕೂರಿಸಿ, ಬಾಲದ ಕೆಳಗೆ ನೋಡಿದೆ. ರಾಣಿ ಗಂಡು. ಬೀಜ ಎರಡೂ ಸ್ಪಷ್ಟ. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಅಂಗಡಿಯಲ್ಲಿ ಬಾಯಿಗೆ ಬಂದದ್ದು ಹೇಳುತ್ತಾರೆ. ಆದರೆ ಮೂರು ತಿಂಗಳಾದ ಮೇಲೆ ಯಾರು ನೋಡಿದರೂ ತಿಳಿಯುತ್ತದೆ, ನೋಡಬೇಕು ಅಷ್ಟೆ. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, "ಆದರೂ ಹೆಸರು ರಾಣಿನೇ ಮಾಮ" ಎಂದಳು. ಹಾಗೇ ಉಳಿಯಿತು. ಕಾಲಿನ ಸುತ್ತ ಸುತ್ತುವುದು, ಗೊರಗುಟ್ಟುವುದು, ಕಂಡಲ್ಲಿ ಉಚ್ಚೆ ಸಿಡಿಸುವುದು, ಆರು ತಿಂಗಳು ತುಂಬಿದ ಈಚೆಗೆ ಶುರುವಾದ ಈ ಎಲ್ಲ ರಂಪಕ್ಕೆ ಪ್ರಾಯವೂ ಒಂದು ಕಾರಣ ಎಂದು ಅಲ್ಲಿಗೆ ಗೊತ್ತಾಯಿತು.

ಟ್ರೇ

ಹಕ್ಕಿಗೂಡು ಅಟ್ಟಕ್ಕೆ ಹೋಯಿತು. ಜಗಲಿಯ ಒಂದು ಮೂಲೆಗೆ ಮರದ ಚೌಕಟ್ಟಿಗೆ ಕೋಳಿ ಜಾಲರಿ ಹೊಡೆದು ಸುಮಾರು ಮೂರು ಅಡಿ ಎತ್ತರದ ಬೇಲಿ ಮಾಡಿದೆವು. ಮೊಲ ಮೂರು ಕುಪ್ಪಳಿಕೆ ಹಾಕುವಷ್ಟು ಉದ್ದವಾದರೂ ಒಳಗೆ ಜಾಗ ಬೇಕು. ನೆಲಕ್ಕೆ ಹಳೇ ಹುಲ್ಲು ಚಾಪೆ. ಗೋಣಿ ಬೇಡ ಎಂದೆ, ಅದರ ನಾರು ಕಚ್ಚಿ ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಚಾಪೆ ತಿಂದರೂ ಹುಲ್ಲು ತಾನೆ.

ಟ್ರೇ ಅಂದರೆ ಬಟ್ಟೆ ನೆನೆಸುವ ಅಗಲ ಪ್ಲಾಸ್ಟಿಕ್ ಟಬ್ಬು, ಒಂದು ಬದಿ ತಗ್ಗಾಗಿ ಕತ್ತರಿಸಿ ಅಂಚು ಉಜ್ಜಿದ್ದು. ಮೊಲ ಅದರೊಳಗೆ ಪೂರ್ತಿ ತಿರುಗಿ ಕೂರುವಂತಿರಬೇಕು, ಚಿಕ್ಕದಾದರೆ ಮುಂಗಾಲು ಒಳಗೆ, ಹಿಂದಿನದು ಹೊರಗೆ, ಉಚ್ಚೆ ನೆಲಕ್ಕೆ. ತಳಕ್ಕೆ ನಾಲ್ಕು ಮಡಿಕೆ ಪೇಪರು, ಮೇಲೆ ಒಣಹುಲ್ಲು. ಮರದ ಮಿಲ್ಲಿನ ಹೊಟ್ಟು ಹಾಕಬಹುದಾ ಎಂದು ಭಾವ ಕೇಳಿದರು. ದೂಳಿಗೆ ಮೊಲದ ಮೂಗು ಕೆಡುತ್ತದೆ, ಬೇಡ. ಬೆಕ್ಕಿಗೆಂದು ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣು ಅಂತೂ ಬೇಡವೇ ಬೇಡ, ತಿಂದರೆ ಪ್ರಾಣಕ್ಕೆ ಸಂಚಕಾರ.

ಈಗ ಎಲ್ಲರೂ ತಪ್ಪುವ ಒಂದು ಸಂಗತಿ. ಟ್ರೇಯನ್ನು ನಮಗೆ ಅನುಕೂಲವಾದ ಕಡೆ ಇಡುವುದಲ್ಲ. ಮೊದಲ ದಿನ ಬೇಲಿಯೊಳಗೆ ಬಿಟ್ಟು, ಅದು ಯಾವ ಮೂಲೆ ಆರಿಸಿಕೊಳ್ಳುತ್ತದೆ ನೋಡಿ, ಆ ಮೂಲೆಗೆ ಟ್ರೇ ಇಡುವುದು. ರಾಣಿ ಆರಿಸಿದ್ದು ಕಿಟಕಿ ಕೆಳಗಿನ ಕತ್ತಲೆ ಮೂಲೆ. ಅತ್ತೆಗೆ ಅದು ಇಷ್ಟವಿರಲಿಲ್ಲ, ಬಂದವರಿಗೆ ಮೊದಲು ಕಾಣುವುದೇ ಅದು ಎಂದು. ಮೊಲಕ್ಕೆ ಹೇಳಿ ನೋಡಿ ಅಮ್ಮ ಎಂದೆ, ನಕ್ಕರು. ಉಚ್ಚೆ ಒರೆಸಿದ ಪೇಪರಿನ ಚೂರನ್ನೂ ಒಂದು ಹಿಡಿ ಹಿಕ್ಕೆಯನ್ನೂ ಟ್ರೇಗೆ ಹಾಕಿದೆವು. ವಾಸನೆಯೇ ಅದಕ್ಕೆ ಬೋರ್ಡು. ಉಳಿದ ಕಡೆ ನೆಲವನ್ನು ಬಿಳಿ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿದೆವು. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಒಣಗಿದರೆ ಬಿಳಿ ಕಲೆ ಕೂರುತ್ತದೆ, ವಿನೆಗರ್ ಅದನ್ನು ಬಿಡಿಸುತ್ತದೆ.

ಹುಲ್ಲನ್ನು ಟ್ರೇಯ ಒಂದು ತುದಿಯಲ್ಲೇ ರಾಶಿ ಹಾಕಬೇಕು. ತಿನ್ನುವ ಜಾಗದಲ್ಲೇ ಹೊಲಸಾ ಎಂದು ಅತ್ತೆ ಮುಖ ಕಿವುಚಿದರು. ಆದರೆ ಮೊಲ ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ. ತಿನ್ನಲು ಟ್ರೇಗೆ ಬಂದರೆ ಉಳಿದ ಕೆಲಸವೂ ಅಲ್ಲೇ ಆಗುತ್ತದೆ. ನಾನು ಕಂಡಂತೆ ಈ ಒಂದು ಉಪಾಯದಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ.

ಅತ್ತೆಗೆ ಇನ್ನೊಂದು ಅಸಹ್ಯವಿತ್ತು, ಇದು ತನ್ನದನ್ನೇ ತಾನು ತಿನ್ನುತ್ತದೆ ಎಂದು. ಹೌದು, ತಿನ್ನುತ್ತದೆ. ಮೊಲಕ್ಕೆ ಎರಡು ಥರದ ಹಿಕ್ಕೆ. ಗಟ್ಟಿ ಗುಂಡು ಹಿಕ್ಕೆ ಒಂದು, ದ್ರಾಕ್ಷಿ ಗೊಂಚಲಿನಂತೆ ಅಂಟಂಟಾದ ಮೆತ್ತನೆಯದು ಇನ್ನೊಂದು. ಆ ಎರಡನೆಯದು ಅರ್ಧ ಜೀರ್ಣವಾದ ಆಹಾರ, ಅದರಲ್ಲಿ ಪ್ರೋಟೀನು, ಬಿ ವಿಟಮಿನ್ ಇರುತ್ತವೆ. ಬಾಯಿ ಹಾಕಿ ಅಲ್ಲಿಂದಲೇ ತಿಂದು ಮತ್ತೊಮ್ಮೆ ಅರಗಿಸಿಕೊಳ್ಳುತ್ತದೆ. ಹಸು ಮೆಲುಕು ಹಾಕಿದಂತೆ ಎಂದ ಮೇಲೆ ಅತ್ತೆಗೆ ಸಮಾಧಾನವಾಯಿತು. ಅದಕ್ಕೆ ಗದರಬಾರದು, ತಡೆಯಬಾರದು.

ಬೇಲಿಯೊಳಗೆ ಟ್ರೇ ಬಳಕೆ ಗಟ್ಟಿಯಾದ ಮೇಲೆ ಜಗಲಿ ಪೂರ್ತಿ, ಆಮೇಲೆ ನಡುಮನೆ, ಹೀಗೆ ಸ್ವಲ್ಪ ಸ್ವಲ್ಪ ಜಾಗ ಬಿಟ್ಟೆವು. ತಪ್ಪಾದರೆ ಬೈಯುವುದಿಲ್ಲ, ಜಾಗ ಮತ್ತೆ ಕಿರಿದು ಮಾಡುವುದು. ಬೈಗುಳ ಏಕೆ ಬೇಡ ಅಂದರೆ, ಮೊಲ ಬೇರೆಯವರಿಗೆ ಆಹಾರವಾಗುವ ಜಾತಿ. ಗದರಿದರೆ ಉಚ್ಚೆಗೂ ಗದರಿಕೆಗೂ ಅದು ಸಂಬಂಧ ಹಚ್ಚುವುದಿಲ್ಲ, ಗದರಿದವರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಅಕ್ಕ ಮೊದಲೆಲ್ಲ ನಾಯಿಮರಿಗೆ ಮಾಡುವಂತೆ ಮೂಗನ್ನು ಒದ್ದೆ ಜಾಗಕ್ಕೆ ಉಜ್ಜುತ್ತಿದ್ದಳಂತೆ. ಆ ಮೊಲ ಅಕ್ಕನನ್ನು ಕಂಡರೆ ಮಂಚದಡಿ ಸೇರುತ್ತಿದ್ದುದು ಸುಮ್ಮನೆ ಅಲ್ಲ.

ಹುಡುಗಿಯ ಹಾಸಿಗೆಗೆ ಏನೂ ತರಬೇತಿ ಇಲ್ಲ. ಬೆಳಿಗ್ಗೆ ಸುತ್ತಿ ಮೇಲಿಡು ಎಂದೆ. ನಮ್ಮ ಅಜ್ಜಿಯ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಅಲ್ವಾ.

ಆಪರೇಷನ್

ಇದು ಇಲ್ಲದೆ ಉಳಿದದ್ದೆಲ್ಲ ಅರ್ಧಂಬರ್ಧ. ಗಂಡು ಮೊಲ ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ. ಬೀಜ ತೆಗೆಸಿದರೆ ಉಚ್ಚೆ ಸಿಡಿಸುವುದು, ಕಾಲು ಸುತ್ತುವುದು, ಜಗಳಗಂಟತನ ಬಹುಪಾಲು ಇಳಿಯುತ್ತದೆ. ಹೆಣ್ಣು ಮೊಲಕ್ಕಂತೂ ಇದು ಆಯುಸ್ಸಿನ ಪ್ರಶ್ನೆ. ಗರ್ಭಕೋಶ ತೆಗೆಸದ ಹೆಣ್ಣುಗಳಿಗೆ ವಯಸ್ಸಾಗುತ್ತಾ ಅಲ್ಲಿ ಕ್ಯಾನ್ಸರ್ ಬರುವ ಸಂಭವ ತುಂಬ ಹೆಚ್ಚು.

ಮೊದಲು ಹೋದ ಕಡೆ, ಮೊಲಕ್ಕೆಲ್ಲ ಆಪರೇಷನ್ ಮಾಡಿದರೆ ಎದ್ದೇಳುವುದಿಲ್ಲ, ಸುಮ್ನೆ ಬಿಡಿ ಎಂದು ಕಳಿಸಿದರು. ಅರಿವಳಿಕೆಯ ಅಪಾಯ ನಾಯಿ ಬೆಕ್ಕಿಗಿಂತ ಜಾಸ್ತಿ ಅನ್ನುವುದು ನಿಜ. ಅದಕ್ಕೇ ಮೊಲ ಮಾಡಿ ಅಭ್ಯಾಸವಿರುವ ವೈದ್ಯರು ಬೇಕು. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಈ ಕಡೆಯವರು ವಿಚಾರಿಸಲು ಅದೊಂದು ಜಾಗ. ನಾವು ವಿಚಾರಿಸಿ ವಿಚಾರಿಸಿ ಅನುಭವವಿದ್ದ ಒಬ್ಬರು ವೈದ್ಯರ ಹತ್ತಿರ ಹೋದೆವು. ಕೇಳಬೇಕಾದ ಒಂದು ಪ್ರಶ್ನೆ ಹೇಳುತ್ತೇನೆ: ಆಪರೇಷನ್ನಿಗೆ ಮುಂಚೆ ಉಪವಾಸ ಇಡಬೇಕಾ? ನಾಯಿಗೆ ಇಡಬೇಕು, ಮೊಲಕ್ಕೆ ರಾತ್ರಿಯಿಡೀ ಉಪವಾಸ ಕೂಡದು. ವಾಂತಿ ಬರುವ ಪ್ರಾಣಿ ಅಲ್ಲ, ಮೇಲಾಗಿ ಅದರ ಕರುಳು ನಿಂತರೆ ಮತ್ತೆ ಶುರುಮಾಡುವುದು ಕಷ್ಟ. ಇದನ್ನು ಕೇಳದೆಯೇ ಹೇಳಿದ ವೈದ್ಯರನ್ನು ನಂಬಬಹುದು. ನಮ್ಮವರು ಹಾಗೇ ಹೇಳಿದರು, ಜೊತೆಗೆ ಅದು ತಿನ್ನುವ ಹುಲ್ಲನ್ನೇ ಕಟ್ಟಿಕೊಂಡು ಬನ್ನಿ ಎಂದರು.

ಎಚ್ಚರವಾದ ಮೇಲೆ ಅದೇ ದಿನ ಹುಲ್ಲು ಕಚ್ಚಿತು, ಹಿಕ್ಕೆ ಹಾಕಿತು. ಈ ಎರಡು ಕಾಣುವ ತನಕ ನಿದ್ದೆ ಇಲ್ಲ. ಸಾಮಾನ್ಯ ದಿನಗಳಲ್ಲೂ ಅಷ್ಟೇ, ಮೊಲ 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನುವಂತಿಲ್ಲ, ಹೊರಡಬೇಕು. ಔಷಧಿಯ ಬಗ್ಗೆ ಒಂದೇ ಮಾತು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಪುಡಿಮಾಡಿ ಕುಡಿಸುವ ಸಾಹಸ ಬೇಡ, ಬಾಯಿಂದ ಕೊಟ್ಟರೆ ಅದು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಮೊಲವನ್ನೂ ಕೊಲ್ಲುತ್ತದೆ.

ಫಲ ತಕ್ಷಣ ಕಾಣಲಿಲ್ಲ. ಕಾಣುವುದೂ ಇಲ್ಲ. ಹಾರ್ಮೋನು ಇಳಿಯಲು 4ರಿಂದ 6 ವಾರ ಬೇಕು. ಭಾವ ಮಾತ್ರ ಮರುದಿನದಿಂದಲೇ, "ದುಡ್ಡು ಹೋಯ್ತು, ಕಚ್ಚದು ಹೋಗಲಿಲ್ಲ" ಎಂದು ಶುರುಮಾಡಿದ್ದರು.

ಕಚ್ಚುವ ಕತೆ

ಕಚ್ಚುವುದರಲ್ಲಿ ಎರಡು ಬೇರೆ ಬೇರೆ ಕಾರಣ ಬೆರೆತಿದ್ದವು. ಒಂದು ಬಿಸ್ಕತ್ತಿನ ಆಸೆ. ಬಿಸ್ಕತ್ತು ನಿಂತಿತು, ಅತ್ತೆ ಕಾಲಿಗೆ ಭಾವನ ಗಂಬೂಟು ಹಾಕಿಕೊಂಡು ಓಡಾಡಿದರು, ಕಚ್ಚಿದರೂ ಏನೂ ಸಿಗಲಿಲ್ಲ. ಮೊದಮೊದಲು ಇನ್ನೂ ಜೋರಾಗಿ ಕಚ್ಚಿತು. ಇದು ನಿರೀಕ್ಷೆ ಮಾಡಿದ್ದೇ. ಸಿಗುತ್ತಿದ್ದದ್ದು ನಿಂತಾಗ ಇನ್ನಷ್ಟು ಜೋರು ಮಾಡಿ ನೋಡುವುದು ಮಕ್ಕಳಲ್ಲೂ ಉಂಟು. ಆ ಹೊತ್ತಲ್ಲಿ ಸೋತು ಒಂದು ಬಿಸ್ಕತ್ತು ಕೊಟ್ಟಿರೋ, ಜೋರಾಗಿ ಕಚ್ಚಿದರೆ ಸಿಗುತ್ತದೆ ಎಂದು ಹೊಸ ಪಾಠ ಮಾಡಿದಂತೆ. ರಾತ್ರಿಯ ಗಲಾಟೆಗೂ ಇದೇ ಮದ್ದು. ಕ್ಯಾರೆಟ್ ಬಂದ್. ಬದಲಿಗೆ ಮುಸ್ಸಂಜೆಯಿಂದ ರಾತ್ರಿ ಊಟದ ತನಕ ಜಗಲಿಯಲ್ಲಿ ಬಿಟ್ಟು ಓಡಿಸುವುದು. ದಣಿದ ಮೊಲ ಗಲಾಟೆ ಮಾಡುವುದಿಲ್ಲ.

ಇನ್ನೊಂದು ಕಾರಣ ಪೊರಕೆ. ಮೊಲ ಒಳಗಿರುವಾಗಲೇ ಗೂಡಿಗೆ ಕೈಹಾಕಿ ಗುಡಿಸುತ್ತಿದ್ದರು. ಅದರ ಜಾಗಕ್ಕೆ ನುಗ್ಗಿ, ಅದು ಗುರುತಿಗೆಂದು ಹಾಕಿಟ್ಟ ಹಿಕ್ಕೆ ಎತ್ತಿಕೊಂಡು ಹೋಗುವ ಕೈ ಅದಕ್ಕೆ ಕಳ್ಳನ ಕೈಯೇ. ಈಗ ಅದು ಹೊರಗೆ ಆಡುವಾಗ ಮಾತ್ರ ಗುಡಿಸುವುದು. ಕೈ ಚಾಚುವ ರೀತಿಯನ್ನೂ ಬದಲಿಸಿದೆವು. ಮೊಲದ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಹಿಂದೆ, ಮೇಲೆ ಎಲ್ಲ ಕಾಣುತ್ತದೆ, ಮೂಗಿನ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಮುಖಕ್ಕೆ ನೇರ ಕೈ ತಂದರೆ ಅದಕ್ಕೆ ಅದು ಗಾಳಿಯಿಂದ ಬಂದ ಹಾಗೆ. ಬದಿಯಿಂದ ತಂದು, ಹಣೆಯ ಮೇಲೆ ಸವರಿದರೆ ಸರಿ. ಮುದ್ದು ಮಾಡುವ ಮೊದಲು ನೆಲದಲ್ಲಿ ಕೂರಬೇಕು, ನಿಂತವರು ಅದಕ್ಕೆ ಮರದಷ್ಟು ಎತ್ತರ.

ಎತ್ತಿಕೊಳ್ಳುವುದನ್ನು ಪೂರಾ ನಿಲ್ಲಿಸಿಬಿಟ್ಟೆವು. ಹುಡುಗಿಗೆ ಅದು ತುಂಬ ಬೇಜಾರಿನ ವಿಷಯ. ಆದರೆ ಮೊಲಕ್ಕೆ ನೆಲ ಬಿಟ್ಟು ಮೇಲೆ ಹೋಗುವುದೆಂದರೆ ಗಿಡುಗ ಹೊತ್ತೊಯ್ದಂತೆ. ಕಿವಿ ಹಿಡಿದು ಎತ್ತುವುದಂತೂ ಹಿಂಸೆ. ಹಿಂಗಾಲಿಗೆ ಆಸರೆ ಕೊಡದೆ ಎತ್ತಿದರೆ ಅದು ಒದೆಯುವ ರಭಸಕ್ಕೆ ಅದರದ್ದೇ ಬೆನ್ನೆಲುಬು ಮುರಿಯಬಹುದು. ಬೆನ್ನ ಮೇಲೆ ಮಲಗಿಸಿದಾಗ ಅಲುಗಾಡದೆ ಇರುತ್ತದಲ್ಲ, ಅದು ಖುಷಿ ಅಲ್ಲ, ಹೆದರಿ ಸತ್ತಂತೆ ಬಿದ್ದಿರುವುದು.

ಕರೆದರೆ ಬರುವುದು

ಗೂಡಿಗೆ ಸೇರಿಸಲು ಅಟ್ಟಿಸಿಕೊಂಡು ಹೋಗುವ ದಿನನಿತ್ಯದ ನಾಟಕ ತಪ್ಪಿಸಲು ಇದು ಬೇಕಾಯಿತು. ಹುಡುಗಿಗೇ ಒಪ್ಪಿಸಿದೆ. ಸ್ಟೀಲ್ ಡಬ್ಬಿಗೆ ನಾಲ್ಕು ಕಾಳು ಮೊಲದ ತಿಂಡಿ ಹಾಕಿ ಅಲ್ಲಾಡಿಸುವುದು, "ರಾಣಿ ಬಾ" ಅನ್ನುವುದು, ಬಂದ ಕೂಡಲೇ ಒಂದು ಕಾಳು ಅಥವಾ ಕೊತ್ತಂಬರಿ ದಂಟು. ಬಂದು ಒಂದೆರಡು ಸೆಕೆಂಡಿನೊಳಗೆ ಸಿಗಬೇಕು, ತಡವಾದರೆ ಏಕೆ ಸಿಕ್ಕಿತು ಎಂದು ಅದಕ್ಕೆ ತಿಳಿಯುವುದಿಲ್ಲ. ಮೊದಲು ಒಂದು ಅಡಿ ದೂರದಿಂದ, ಆಮೇಲೆ ಜಗಲಿಯ ಆ ತುದಿಯಿಂದ. ಒಂದು ಸಲಕ್ಕೆ ಐದು ನಿಮಿಷ ಮೀರಬಾರದು, ಹೊಟ್ಟೆ ತುಂಬಿದ ಮೇಲೆ ಮಾಡಬಾರದು. ದಿನದ ಕಾಳಿನ ಪಾಲನ್ನು ಬೇಲಿಯೊಳಗೇ ಕೊಡುತ್ತಾ ಬಂದದ್ದರಿಂದ ಡಬ್ಬಿ ಸದ್ದಿಗೆ ಅದೇ ಓಡಿಬಂದು ಒಳಗೆ ಕೂರಲು ಕಲಿಯಿತು. ಆಮೇಲೆ ಹುಡುಗಿ ಅದನ್ನು ಕಡ್ಡಿ ಹಾರಿಸುವುದಕ್ಕೂ ಹಚ್ಚಿದಳು. ಸ್ವೀಡನ್‌ನಲ್ಲಿ ಮೊಲಗಳಿಗೆ ಹರ್ಡಲ್ಸ್ ಸ್ಪರ್ಧೆಯೇ ಇದೆ ಎಂದು ನಾನು ಬಾಯಿತಪ್ಪಿ ಹೇಳಿದ್ದರ ಫಲ ಅದು.

ಒಂದು ಹದ್ದುಬಸ್ತು ಬೇಕು. ಕ್ಯಾರೆಟ್, ಬಾಳೆಹಣ್ಣು ಮೊಲಕ್ಕೆ ಸಿಹಿತಿಂಡಿ, ಊಟ ಅಲ್ಲ. ಉಗುರಿನಷ್ಟು ತುಂಡು ಸಾಕು. ಬಿಸ್ಕತ್ತು, ರೊಟ್ಟಿ, ಅನ್ನ, ಮಂಡಕ್ಕಿ ಯಾವುದೂ ಬೇಡ.

ಇನ್ನು ವೈರು ಮತ್ತು ದೇವರ ಕೋಣೆ. ಈ ಎರಡರಲ್ಲಿ ತರಬೇತಿ ಎಂದು ಕೂರುವುದು ದಡ್ಡತನ ಎಂದು ನನ್ನ ಅಭಿಪ್ರಾಯ. ಮೊಲದ ಮುಂದಿನ ಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಇರುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಇರುವುದೇ ಅಪರೂಪ, ಇನ್ವರ್ಟರ್ ಇಲ್ಲದ ಮನೆ ಇಲ್ಲ. ಎಲ್ಲ ವೈರನ್ನೂ ಪಿವಿಸಿ ಪೈಪಿನೊಳಗೆ ಹಾಕಿಸಿ ಗೋಡೆಗೆ ಹೊಡೆಸಿದರು. ಕಡಿಯಲು ಪೇರಲೆ ಕಡ್ಡಿ ಕೊಟ್ಟರು. ದೇವರ ಕೋಣೆ ಬಾಗಿಲಿಗೆ ಅಡ್ಡ ಹಲಗೆ. ಮುಗಿಯಿತು.

ಹುಲ್ಲಿನ ತಾಪತ್ರಯ

ಮೊಲದ ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಮಲೆನಾಡಿನಲ್ಲಿ ಹುಲ್ಲಿಗೆ ಬರವಾ ಎಂದು ಭಾವ ನಕ್ಕರು. ಬರವಿಲ್ಲ, ಆದರೆ ಯಾವ ಹುಲ್ಲು ಅನ್ನುವುದು ಮುಖ್ಯ. ಬತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಟ್ರೇಗೆ ಹಾಸಲು ಅಡ್ಡಿಯಿಲ್ಲ. ಬೆಣದಿಂದ ಕೊಯ್ದು ಒಣಗಿಸಿದ ಕರಡ ಒಳ್ಳೆಯದು, ಹಸಿ ಗರಿಕೆ ಇನ್ನೂ ಒಳ್ಳೆಯದು. ತೋಟದೊಳಗಿನ ಹುಲ್ಲು ಮಾತ್ರ ಲೆಕ್ಕ ನೋಡಿ ಕೊಡಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದು ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಕೆಳಗಿನ ಹುಲ್ಲಿಗೇ. ಮೈಲುತುತ್ತದಲ್ಲಿರುವ ತಾಮ್ರ ಮೊಲದ ಹೊಟ್ಟೆಗೆ ಹೋಗಬಾರದು. ಔಷಧಿ ಹೊಡೆಯುವ ಕಾಲದಲ್ಲಿ ತೋಟದ ಹುಲ್ಲು ಪೂರಾ ಬಂದ್ ಮಾಡಿಸಿದೆ. ಹಿತ್ತಲಲ್ಲಿ ಸಿಗುವ ಕೆಸುವಿನ ಎಲೆ, ಕಣಗಿಲೆ, ಲಂಟಾನ, ಟೊಮೇಟೊ ಮತ್ತು ಆಲೂಗಡ್ಡೆ ಗಿಡದ ಸೊಪ್ಪು, ಈರುಳ್ಳಿ ಯಾವುದೂ ಆಗದು. ಪತ್ರೊಡೆ ಮಾಡುವಾಗ ಉಳಿದ ಕೆಸುವಿನೆಲೆಯನ್ನು ಮೊಲಕ್ಕೆ ಹಾಕಲು ಹೊರಟಿದ್ದರು ಒಮ್ಮೆ, ಹುಡುಗಿ ತಡೆದಳು. ಕುದುರೆ ಮೆಂತೆ (ಲ್ಯೂಸರ್ನ್ ಮೇವು) ಮರಿಗಳಿಗೆ ಸರಿ, ದೊಡ್ಡದಕ್ಕೆ ಸುಣ್ಣದಂಶ ಜಾಸ್ತಿಯಾಗುತ್ತದೆ.

ಹುಲ್ಲಿನ ಜೊತೆ ಉಣುಗು ಬರುತ್ತದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹಾಗಾಗಿ ಉಣುಗು ಕಂಡರೆ ಇಲ್ಲಿ ಎಲ್ಲರಿಗೂ ಭಯ, ಭಯಕ್ಕೆ ಅರ್ಥವೂ ಇದೆ. ಬೇಸಿಗೆಯಲ್ಲಿ ಒಮ್ಮೆ ರಾಣಿಯ ಕಿವಿ ಹಿಂದೆ ಒಂದು ಕಂಡಿತು. ಭಾವ ನಾಯಿಗೆ ಹೊಡೆಯುವ ಸ್ಪ್ರೇ ತಂದಿಟ್ಟು ಪುಣ್ಯಕ್ಕೆ ಮೊದಲು ಫೋನ್ ಮಾಡಿದರು. ಬಾಟಲಿ ಮೇಲೆ ಏನು ಬರೆದಿದೆ ಓದಿ ಎಂದೆ. ಫಿಪ್ರೊನಿಲ್. ನಾಯಿಗೆ ಔಷಧಿ, ಮೊಲಕ್ಕೆ ವಿಷ. ಚಿಮಟದಲ್ಲಿ ಬುಡಕ್ಕೆ ಹಿಡಿದು ಎಳೆದು ತೆಗೆಸಿದ್ದಾಯಿತು. ಆಮೇಲಿಂದ ಮೊಲವನ್ನು ತೋಟಕ್ಕೆ ಬಿಡುವುದಿಲ್ಲ, ಕೊಯ್ದು ತಂದ ಹುಲ್ಲನ್ನು ಬಿಸಿಲಿಗೆ ಕೊಡವಿ ಹಾಕುತ್ತಾರೆ.

ಮಳೆ ಬಂದ ಮೇಲೆ

ಮಾರ್ಚ್ ಹೊತ್ತಿಗೆ ಎಲ್ಲ ಸರಿಹೋಗಿತ್ತು. ಹಾಸಿಗೆ ಒಣ, ಕಾಲು ಸುರಕ್ಷಿತ. ಏಪ್ರಿಲ್ ಸೆಕೆಯಲ್ಲಿ ಅದೇ ಜಾರುವ ಕೆಂಪು ನೆಲ ಉಪಕಾರಕ್ಕೆ ಬಂತು. ಮೊಲಕ್ಕೆ ಬೆವರು ಬರುವುದಿಲ್ಲ, ಕಿವಿಯಿಂದಲೇ ಮೈ ತಣಿಸಿಕೊಳ್ಳಬೇಕು, 30 ಡಿಗ್ರಿ ದಾಟಿದರೆ ಕಷ್ಟ. ಚಾಪೆಯ ಒಂದು ಭಾಗ ಮಡಚಿ ತಣ್ಣನೆ ನೆಲ ಬಿಟ್ಟುಕೊಟ್ಟರು, ಮಧ್ಯಾಹ್ನವಿಡೀ ಅಲ್ಲೇ ಚಾಚಿಕೊಂಡಿರುತ್ತಿತ್ತು.

ಜೂನ್ ಕೊನೆಗೆ ಮತ್ತೆ ಫೋನ್. ಟ್ರೇ ಬಿಟ್ಟು ಬಾಗಿಲ ಹಿಂದೆ ಉಚ್ಚೆ ಮಾಡುತ್ತಿದೆ. ಆಗುಂಬೆ ಪಕ್ಕದ ಊರು, ಮಳೆ ಹಿಡಿದರೆ ಗೋಡೆಯೂ ಒದ್ದೆ. ಟ್ರೇಯ ಹುಲ್ಲಿನ ಫೋಟೋ ಕಳಿಸು ಎಂದೆ. ಬೂದಿ ಬಣ್ಣಕ್ಕೆ ತಿರುಗಿತ್ತು, ಬೂಸ್ಟು. ಆ ಹುಲ್ಲು ತಿನ್ನಲು ಅದಕ್ಕೆ ಮನಸ್ಸಿಲ್ಲ, ಟ್ರೇಗೆ ಹೋಗುವುದೇ ಬಿಟ್ಟಿತ್ತು. ಪೇಪರನ್ನು ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದರು, ಬೇಸಿಗೆಗೆ ಅದು ಸಾಕಾಗಿತ್ತು, ಮಳೆಗಾಲದಲ್ಲಿ ಬಾಗಿಲು ಕಿಟಕಿ ಹಾಕಿದ ಮನೆಯಲ್ಲಿ ಸಾಲುವುದಿಲ್ಲ, ಅಮೋನಿಯಾ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಅತ್ತೆಯೇ ದಾರಿ ಕಂಡುಕೊಂಡರು. ಕರಡದ ಹೊರೆಯನ್ನು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ದಿನದ ಪಾಲು ಮಾತ್ರ ಇಳಿಸುವುದು. ಹೊಗೆ ವಾಸನೆ ಹಿಡಿಯುತ್ತದೇನೋ ಎಂದು ನನಗೆ ಅನುಮಾನವಿತ್ತು. ಸ್ವಲ್ಪ ಹೊತ್ತು ಗಾಳಿಗೆ ಹರಡಿಟ್ಟು ಕೊಟ್ಟರೆ ಮೊಲ ತಕರಾರಿಲ್ಲದೆ ತಿಂದಿತು. ಪೇಪರು ದಿನಾ ಬದಲಿ. ಬಾಗಿಲ ಹಿಂದಿನ ಮೂಲೆಗೆ ಎರಡನೇ ಟ್ರೇ, ಅದು ಅಲ್ಲೇ ಬೇಕು ಎಂದಮೇಲೆ ಅಲ್ಲೇ. ಜುಲೈ ಮಧ್ಯದೊಳಗೆ ದಾರಿಗೆ ಬಂತು.

ಪೂರ್ತಿ ಸರಿಹೋಗದ್ದೂ ಇದೆ. ಹೊಸಬರು ಬಂದು ಉಳಿದರೆ ಬೇಲಿ ಸುತ್ತ ಒಂದಷ್ಟು ಗಟ್ಟಿ ಹಿಕ್ಕೆ ಚೆಲ್ಲುತ್ತದೆ, ಇದು ನನ್ನ ಗಡಿ ಎಂದು. ಗುಡಿಸಿದರೆ ಹೋಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎತ್ತಿಕೊಂಡರೆ ಈಗಲೂ ಒದೆಯುತ್ತದೆ. ಭಾವನ ಕಾಲಿಗೆ ಮಾತ್ರ ಆಗಾಗ ಮೂಗಿನಿಂದ ಗುದ್ದುತ್ತದೆ, ಕಚ್ಚುವುದಿಲ್ಲ, ದಾರಿ ಬಿಡು ಎಂದು ಅಷ್ಟೇ. ಹಿಕ್ಕೆಯನ್ನೆಲ್ಲ ಅತ್ತೆ ಡೇರೆ (ಡೇಲಿಯಾ) ಹೂವಿನ ಗಿಡಕ್ಕೆ ಹಾಕುತ್ತಾರೆ. ಮೊಲದ ಹಿಕ್ಕೆಯನ್ನು ಕೊಳೆಸದೆ ನೇರ ಬುಡಕ್ಕೆ ಹಾಕಬಹುದು, ಗಿಡ ಸುಡುವುದಿಲ್ಲ. ಈ ಸಲ ಪಕ್ಕದ ಮನೆಯವರು ಡೇರೆ ಗೆಡ್ಡೆಯ ಜೊತೆ ಹಿಕ್ಕೆಯನ್ನೂ ಕೇಳಿಕೊಂಡು ಹೋದರಂತೆ.

ಈಗಿನ ಹೊಸ ತಕರಾರು, ಇನ್ನೊಂದು ಮೊಲ ತರಬೇಕೆಂದು ಹುಡುಗಿಯ ಹಠ. ಮೊಲ ಜೊತೆ ಬಯಸುವ ಪ್ರಾಣಿ ಹೌದು. 8ರಿಂದ 12 ವರ್ಷ ಬದುಕುತ್ತದೆ, ಹುಡುಗಿ ಪಿಯುಸಿಗೆ ಶಿವಮೊಗ್ಗಕ್ಕೆ ಹೋದಮೇಲೆ ಅದಕ್ಕೆ ಯಾರು ಅನ್ನುವುದೂ ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ತರುವುದಾದರೆ ಮೊದಲು ಗಂಡೋ ಹೆಣ್ಣೋ ವೈದ್ಯರ ಹತ್ತಿರ ನೋಡಿಸಿ, ಹೆಣ್ಣಾದರೆ ಆಪರೇಷನ್ ಮಾಡುವವರು ಸಿಗುತ್ತಾರಾ ಕೇಳಿಕೊಂಡು, ಆಮೇಲೆ ತನ್ನಿ. ತಂದ ದಿನವೇ ರಾಣಿಯ ಬೇಲಿಯೊಳಗೆ ಬಿಡಬೇಡಿ, ರಕ್ತ ಬರುವಂತೆ ಹೊಡೆದಾಡುತ್ತವೆ. ನಡುವೆ ಜಾಲರಿ ಇಟ್ಟು ಅಕ್ಕಪಕ್ಕ ಇರಿಸಿ, ಎರಡರದ್ದೂ ಅಲ್ಲದ ಕೋಣೆಯಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಭೇಟಿ ಮಾಡಿಸಿ. ಅತ್ತೆ ಕೊಯ್ಲು ಮುಗಿಯಲಿ ಎಂದಿದ್ದಾರೆ. ಭಾವ ಏನೂ ಹೇಳಿಲ್ಲ, ಆದರೆ ಕೋಳಿ ಜಾಲರಿಯ ರೇಟು ವಿಚಾರಿಸಿಕೊಂಡು ಬಂದಿದ್ದಾರಂತೆ.